ಪಕ್ಕದ ಸೀಟಿನ ನೆಗೆಣ್ಣಿ

ನನ್ನ ನೆಗೆಣ್ಣಿ ಫೋನಿನಲ್ಲಿ ಮಾತಾಡುವಾಗ ಕುತ್ತಿಗೆಯನ್ನು ಎಡಕ್ಕೆ ವಾಲಿಸಿ, ಕಿವಿಗೂ ಹೆಗಲಿಗೂ ನಡುವೆ ಫೋನನ್ನು ಒತ್ತಿ ಹಿಡಿಯುತ್ತಾಳೆ. ಮಾತು ಮುಗಿಯುವ ಹೊತ್ತಿಗೆ ಜುಮಕಿಯ ಗುರುತು ದವಡೆಯ ಮೇಲೆ ಕೆಂಪಗೆ ಮೂಡಿರುತ್ತದೆ. ಅದೂ ಅವಳಿಗೆ ಒಪ್ಪುತ್ತದೆ.

ಅವಳು ನನ್ನ ಮೈದುನನ ಹೆಂಡತಿ, ಚಪಳಗಾಂವದ ಕುರಿಗಾರರ ಮಗಳು. ಕುರಿ ಸಂತೆಯಲ್ಲಿ ಅಪ್ಪನ ಬೆನ್ನಿಗೆ ನಿಂತು ಬೆಳೆದವಳ ನಾಲಗೆಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಸಲೀಸಾಗಿ ಹೊರಳುತ್ತವೆ. ಇಬ್ಬರೂ ಪದವಿ ಮುಗಿಸಿದ್ದೆವು. ನಮ್ಮೂರು ವಾಗದರಿಯಿಂದ ಒಂದೇ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ಕಂಪ್ಯೂಟರ್ ಕೈಕೊಟ್ಟವರಿಗೆ ಫೋನಿನಲ್ಲೇ ದಾರಿ ತೋರಿಸುವ ಕೆಲಸವನ್ನು ಒಂದೇ ತರಗತಿಯಲ್ಲಿ ಕಲಿತೆವು. ನೌಕರಿ ಸಿಗದಿದ್ದರೆ ಓಡಾಟ ಸಾಕು ಎಂದು ಅತ್ತೆ ಮೊದಲೇ ಹೇಳಿದ್ದರು.

ನೆಟ್‌ವರ್ಕಿನ ಪಾಠ ನನಗೆ ಬೇಗ ತಲೆಗೆ ಹತ್ತುತ್ತಿತ್ತು. ಅವಳು ಬಸ್ಸಿನಲ್ಲಿ ನನ್ನಿಂದಲೇ ಹೇಳಿಸಿಕೊಂಡು, ತರಗತಿಯಲ್ಲಿ ನನಗಿಂತ ಮೊದಲು ಗಟ್ಟಿಯಾಗಿ ಉತ್ತರ ಹೇಳಿಬಿಡುತ್ತಿದ್ದಳು.

ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಒಂದೇ ಜಾಗ ಖಾಲಿಯಿತ್ತು. ಇಬ್ಬರೂ ಅರ್ಜಿ ಹಾಕಿದೆವು. ಸಂದರ್ಶನದ ದಿನ ಪರೀಕ್ಷಿಸಲೆಂದು ಪಕ್ಕದ ಕೋಣೆಯಿಂದ ಒಬ್ಬರು ಸಿಟ್ಟಾದ ಗುಮಾಸ್ತನಂತೆ ಫೋನ್ ಮಾಡಿದರು: ಪ್ರಿಂಟರ್ ನಿಂತಿದೆ, ರೋಗಿಗಳು ಕಾಯುತ್ತಿದ್ದಾರೆ. ಏನೇನು ಒತ್ತಿದಿರಿ ಎಂದು ನಾನು ಕೇಳಿದೆ. ಅವರು ಇನ್ನೂ ಸಿಟ್ಟಾದರು. ಅವಳ ಸರದಿ ಬಂದಾಗ ಅವರ ಮಾತು ಮುಗಿಯುವವರೆಗೂ ಸುಮ್ಮನಿದ್ದು, ಈಗ ಎದುರಿಗೆ ಏನು ಕಾಣುತ್ತಿದೆ ಹೇಳಿ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳಂತೆ. ನೌಕರಿ ಅವಳಿಗಾಯಿತು.

ಅತ್ತೆ ಓಣಿಗೆಲ್ಲ ಪೇಢೆ ಹಂಚಿದರು. ನನ್ನ ಬಾಯಲ್ಲಿ ಅದು ಕರಗಲೇ ಇಲ್ಲ. ಅವಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಹೊರಡುವಾಗ ನಾನು ರೊಟ್ಟಿ ಬಡಿಯುತ್ತ ತಲೆ ಎತ್ತುತ್ತಿರಲಿಲ್ಲ.

ಅವಳಿಗೆ ಅದು ತಿಳಿಯದೆ ಇರಲಿಲ್ಲ. ಒಂದು ಸಂಜೆ ಅಂಗಳದಿಂದಲೇ ನನಗೆ ಫೋನ್ ಮಾಡಿ, ಮುದುಕನ ದನಿಯಲ್ಲಿ ಕಂಪ್ಯೂಟರ್ ಸತ್ತಿದೆ ಎಂದು ಗೋಳಾಡಿದಳು. ನಾನು ಕಟ್ ಮಾಡಿದೆ. ಒಳಗೆ ಬಂದು ಒಲೆಯ ಮುಂದೆ ಕುಳಿತಳು.

“ಅಕ್ಕಾ, ಏನ್ ಮಾಡೀರಿ ಅಂತ ಕೇಳಿದ್ರ ಮಂದಿ ಅಂಜತಾರ, ಸುಳ್ಳ ಹೇಳತಾರ. ಏನ್ ಕಾಣಾಕತ್ತೈತಿ ಅಂತ ಕೇಳು. ಬಾಕಿದ್ದೆಲ್ಲಾ ನಿನಗ ಬರತೈತಿ.”

“ನೌಕರಿ ನಿನಗ ಸಿಕ್ಕೈತಿ. ನನಗ್ಯಾಕ ಕಲಿಸ್ತಿ?”

“ಬಸ್ಸಿನ್ಯಾಗ ಒಬ್ಬಾಕಿನ ಹೋಗಾಕ ಬ್ಯಾಸರ ಬರತೈತಿ.”

ಅಂದಿನಿಂದ ಸಂಜೆಗಳಲ್ಲಿ ಅವಳು ಒಮ್ಮೆ ಡಾಕ್ಟರಾಗಿ, ಒಮ್ಮೆ ಅಳುವ ನರ್ಸಾಗಿ ಫೋನ್ ಮಾಡುತ್ತಿದ್ದಳು. ಹಲ್ಲು ಕಚ್ಚಿಕೊಂಡೇ ನಾನು ಎದುರಿನವರ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿತೆ. ಕೊನೆಗೆ ಅದೇ ಬಸ್ಸಿನ ದಾರಿಯ ಅಕ್ಕಲಕೋಟದ ಒಂದು ಕಾಲೇಜಿನಲ್ಲಿ ನನಗೂ ಅಂಥದೇ ಕೆಲಸ ಸಿಕ್ಕಿತು.

ಸುದ್ದಿ ಹೇಳಲು ಅವಳಿಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ, ನಮ್ಮಕ್ಕನಿಗೆ ನೌಕರಿಯಾಯಿತೆಂದು ಇಡೀ ಕೋಣೆಗೆ ಕೇಳುವಂತೆ ಮರಾಠಿಯಲ್ಲಿ ಕೂಗಿದಳು. ಆ ಕಡೆ ಯಾರೋ ಚಪ್ಪಾಳೆ ತಟ್ಟಿದರು. ಅವಳು ನಗುತ್ತಲೇ ಇದ್ದಳು.

ಈ ನೌಕರಿ ಅವಳು ಕೊಟ್ಟದ್ದು. ಅದನ್ನು ಯಾರ ಮುಂದೆಯೂ ಹೇಳುತ್ತೇನೆ. ಆದರೆ ಮತ್ತೊಬ್ಬರ ಸುಖಕ್ಕೆ ಹಾಗೆ ಮನಸಾರೆ ನಗಲು ನನಗೆ ಇಂದಿಗೂ ಬಂದಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚುಗಳಲ್ಲಿ ಈಗ ಉಳಿದಿರುವುದು ಅದೊಂದೇ.