ಸಮುದ್ರ ದಾಟಿ ಬಂದ ಹಲ್ಲು

ಸುರಪುರದ ರಂಗಂಪೇಟೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ನಸೀರುದ್ದೀನ ಸ್ಪಿರಿಟ್ ದೀಪ ಹಚ್ಚಿ, ಗುಲಾಬಿ ಮೇಣ ಕಾಯಿಸಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಾಟಿ ಮಾಡುತ್ತಿದ್ದಾರೆ. ನಾಟಿ ಅನ್ನುವುದು ಅವರದೇ ಮಾತು. ಕಾಲುವೆ ನೀರು ಬಂದಾಗಿನಿಂದ ಈ ಸೀಮೆಯಲ್ಲಿ ಹಲ್ಲು ಕಟ್ಟುವವರೂ ಭತ್ತದ ಭಾಷೆಯಲ್ಲೇ ಮಾತಾಡುತ್ತಾರೆ ನೋಡಿ.

ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಹೊಂದುವ ಕೃತಕ ಹಲ್ಲಿನ ಸೆಟ್ ಕಟ್ಟುವುದು ಇವರ ಕೆಲಸ. ರೊಟ್ಟಿ ಕಡಿಯುವಂತಾದವರು ವೈದ್ಯರಿಗೆ ಕೈಮುಗಿದು ಹೋಗುತ್ತಾರೆ, ತಗಡಿನ ಕೋಣೆಯತ್ತ ಯಾರೂ ಇಣುಕುವುದಿಲ್ಲ. ಕಲಬುರಗಿಯ ಲ್ಯಾಬೊಂದರಲ್ಲಿ ಕಸ ಗುಡಿಸುತ್ತ ಕಲಿತ ವಿದ್ಯೆ ಇದು. ಮೇಣದ ಬಿಸಿಗೆ ಬೆರಳ ತುದಿಗಳೆಲ್ಲ ಜಡ್ಡುಗಟ್ಟಿವೆ.

ಹಲ್ಲುಗಳು ಮೊದಲು ಹೈದರಾಬಾದಿನ ವ್ಯಾಪಾರಿಗಳಿಂದ ಬರುತ್ತಿದ್ದವು. ವೈದ್ಯರ ಬಳಿ ದರ ಕೇಳಿದ ಕೂಲಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಎದ್ದುಹೋಗುತ್ತಿದ್ದರಂತೆ. ಅಳತೆ ನೋಡಲು ಹೋದಾಗಲೆಲ್ಲ ಅದನ್ನು ಕಂಡು ಕಂಡು, ನಸೀರುದ್ದೀನ ಮೊಬೈಲಿನಲ್ಲಿ ಚೀನಾದ ಅಂಗಡಿಯೊಂದನ್ನು ಹುಡುಕಿ ನೇರವಾಗಿ ತರಿಸತೊಡಗಿದರು. ಕಸ್ಟಮ್ಸ್ ಸುಂಕ ಕಟ್ಟಿದರೂ ಅರ್ಧಕ್ಕರ್ಧ ಉಳಿಯುತ್ತದೆ. ಆ ಉಳಿತಾಯವನ್ನು ಜೇಬಿಗಿಳಿಸದೆ ಸೆಟ್ಟಿನ ದರವನ್ನೇ ಇಳಿಸಿದ ಪುಣ್ಯಾತ್ಮ ಈತ.

ಆದರೆ ಮೊದಲನೇ ಸಲವೇ ಎಡವಟ್ಟಾಯಿತು. ಮೊಬೈಲಿನ ಚಿತ್ರಗಳಲ್ಲಿ ಹಾಲಿನಂಥ ಹಲ್ಲು ಕಂಡದ್ದೇ ತಡ, ಇದಕ್ಕಿಂತ ಚಂದ ಯಾವುದಿದೆ ಎಂದು ಒಂದು ಪೆಟ್ಟಿಗೆ ತರಿಸಿಬಿಟ್ಟರು. ಬೋರಿನ ನೀರು ಕುಡಿದು, ಎಲೆ ಅಡಿಕೆ ಜಗಿದು ಕಂದಿದ ಹಲ್ಲುಗಳ ನಾಡು ಇದು ಅನ್ನುವುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ಆ ಪೆಟ್ಟಿಗೆಯ ಮೊದಲ ಸೆಟ್ ಕೆಂಭಾವಿಯ ಗೊಲ್ಲಾಳಮ್ಮನಿಗೆ. ನಾಟಿಯ ಸಾಲಿನಲ್ಲಿ ಹಾಡು ಎತ್ತಿಕೊಡುತ್ತಿದ್ದ ಹೆಂಗಸು, ಹಲ್ಲು ಬಿದ್ದು ಮಾತು ಸೋರತೊಡಗಿದ ಮೇಲೆ ಹಾಡುವುದನ್ನೇ ಬಿಟ್ಟಿದ್ದಳು. ವೈದ್ಯರು ಸೆಟ್ ಕೂಡಿಸಿ ಕನ್ನಡಿ ಕೊಟ್ಟಾಗ, ಅಳತೆ ನೋಡಲು ಹೋಗಿದ್ದ ನಸೀರುದ್ದೀನ ಬಾಗಿಲಲ್ಲೇ ನಿಂತಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದ್ದು ಇಷ್ಟು: “ಇವನ್ನ ಹಾಕ್ಕೊಂಡು ಗದ್ದಿಗಿ ಹ್ಯಾಂಗ ಇಳೀಲ್ರಿ? ಮಂದಿ ಹಾಡ ಬಿಟ್ಟು ಹಲ್ಲ ನೋಡ್ತಾರ. ಬ್ಯಾಡ್ರಿ, ನಾ ಸುಮ್ನಿರ್ತೇನಿ.”

ಆ ಕೊನೆಯ ಮಾತು ನಸೀರುದ್ದೀನರಿಗೆ ನಾಟಿತು. ಪೆಟ್ಟಿಗೆ ವಾಪಸ್ ಕಳಿಸೋಣವೆಂದರೆ ಸಾಗಣೆಯ ಖರ್ಚೇ ಮಾಲಿಗಿಂತ ಹೆಚ್ಚು, ಬೇರೆಯದು ತರಿಸೋಣವೆಂದರೆ ತಿಂಗಳ ಮೇಲಾಗುತ್ತದೆ. ಕಾಲುವೆಗೆ ನೀರು ಬಿಟ್ಟಾಗಿತ್ತು, ಸಸಿ ಕೀಳುವ ದಿನ ಹತ್ತಿರ ಬಂದಿತ್ತು. ಈ ಹಂಗಾಮು ಬಾಯಿ ಮುಚ್ಚಿಕೊಂಡೇ ಕಳೆದರೆ ಆಕೆ ಮತ್ತೆಂದೂ ಹಾಡಲಿಕ್ಕಿಲ್ಲ ಎಂಬ ಭಯ ಹಿಡಿಯಿತು ಇವರಿಗೆ. ಯಾದಗಿರಿಗೆ ಹೋಗಿ ರೈಲು ಹತ್ತಿ, ಹೈದರಾಬಾದಿನ ಹಳೆಯ ವ್ಯಾಪಾರಿಯಿಂದಲೇ ಚಹಾ ಬಣ್ಣದ ಹಲ್ಲು ಕೈಯಾರೆ ಆರಿಸಿ ತಂದರು. ಉಳಿಸಲು ಹೋಗಿ ಕೈಯಿಂದಲೇ ಹಾಕಿ ಬಂದ ಗಂಡನನ್ನು ಹೆಂಡತಿ ಚೆನ್ನಾಗಿಯೇ ಝಾಡಿಸಿದಳು. ಗೊಲ್ಲಾಳಮ್ಮನಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಬೆಳ್ಳನೆಯ ಹಲ್ಲು ಕಿತ್ತು ಬೇರೆ ಕೂಡಿಸಿದರು ಅಂತಷ್ಟೇ ಆಕೆಗೆ ಗೊತ್ತು.

ಈಗಲೂ ನಸೀರುದ್ದೀನ ಅದೇ ಚೀನಾದ ಅಂಗಡಿಯಿಂದಲೇ ತರಿಸುತ್ತಾರೆ, ಆದರೆ ಕಂದಿದ ಬಣ್ಣದ್ದು. ಇದೇ ಬೇಕೇ ಎಂದು ಅಂಗಡಿಯವನು ಮೊದಮೊದಲು ಮತ್ತೆ ಮತ್ತೆ ಕೇಳುತ್ತಿದ್ದನಂತೆ. ಈಗ ಅವನಿಗೂ ರೂಢಿಯಾಗಿದೆ ಎಂದು ನಗುತ್ತಾರೆ.

ಆ ಹಂಗಾಮಿನಲ್ಲಿ ಕೆಂಭಾವಿಯ ಸಂತೆಗೆ ಹೊರಟಿದ್ದಾಗ ಕಾಲುವೆಯ ಏರಿ ಮೇಲೆ ಹಾಡು ಕೇಳಿ ಗಾಡಿ ನಿಲ್ಲಿಸಿದ್ದನ್ನು ಹೇಳುವಾಗ ಅವರ ಕೈಯ ಮೇಣ ಆರಿಹೋಗುತ್ತದೆ. ಗದ್ದೆಯಲ್ಲಿ ಗೊಲ್ಲಾಳಮ್ಮ ಹಾಡು ಎತ್ತಿಕೊಡುತ್ತಿದ್ದಳು, ಸಾಲು ಸಾಲೇ ಅವಳ ಹಿಂದೆ ಹಾಡುತ್ತಿತ್ತು. ಹಾಡು ಮುಗಿದಾಗ ಹೊಸದಾಗಿ ಕೂಲಿಗೆ ಬಂದ ಹುಡುಗಿಯೊಬ್ಬಳು, ಈ ವಯಸ್ಸಿನಲ್ಲೂ ಹಲ್ಲು ಇಷ್ಟು ಗಟ್ಟಿ ಉಳಿದಿವೆಯಲ್ಲ ಎಂದು ಬೆರಗಾದಳಂತೆ.

“ಗೊಲ್ಲಾಳಮ್ಮ ಡಾಕ್ಟರ ಹೆಸರೂ ಹೇಳ್ಲಿಲ್ಲ, ನನ್ನ ಹೆಸರೂ ಹೇಳ್ಲಿಲ್ರಿ,” ಎನ್ನುತ್ತಾರೆ ನಸೀರುದ್ದೀನ, ಕಣ್ಣೊರೆಸಿಕೊಳ್ಳುತ್ತ. “‘ಹ್ಞೂಂ, ನಮ್ಮವ್ವನ ಹಲ್ಲೂ ಹಿಂಗ ಗಟ್ಟಿ ಇದ್ವು’ ಅಂದ್ಲು.”