ಲೆಕ್ಕಕ್ಕಿಲ್ಲದ ಪಂದ್ಯ

ಮುಂಬೈನ ಪವಾಯಿಯ ದೊಡ್ಡ ಕಾಂಪ್ಲೆಕ್ಸೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಮಹಾದೇವಿಗೆ ಫುಟ್ಬಾಲಿನ ಹುಚ್ಚಿದೆ ಎಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಸಿಂದಗಿ ಕಡೆಯವಳು, ನಲವತ್ತರ ಆಸುಪಾಸಿನವಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಲೆ ತಗ್ಗಿಸಿ ದುಡಿಯುವವಳು. ಆದರೆ ಕ್ಲಬ್‌ಹೌಸಿನ ಟಿವಿಯಲ್ಲಿ ಪಂದ್ಯ ನಡೆಯುತ್ತಿದ್ದರೆ ಅವಳ ಕೈಯ ಮಾಪ್ ಇದ್ದಲ್ಲೇ ನಿಂತುಬಿಡುತ್ತಿತ್ತು. ಯಾರಾದರೂ ಗೋಲಿನತ್ತ ಬೀಸಿ ಒದ್ದರೆ ಅವಳ ಎಡಗಾಲು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ಆ ಕಾಲಿಗೆ ಆಟ ಕಲಿಸಿದವರು ಶಾಲೆಯ ಕೊರಗ ಮಾಸ್ತರರು. ಮಹಾದೇವಿಯ ಅಪ್ಪ ಪರೇಲಿನ ಮಿಲ್ಲೊಂದರ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲ. ಅವಳು ಓದುತ್ತಿದ್ದ ಕನ್ನಡ ಶಾಲೆಯ ಹುಡುಗರಿಗೆ ಚೆಂಡು ಒದೆಯುವ ಉಮೇದು ಬೇಕಾದಷ್ಟಿತ್ತು. ಕಲ್ಲುನೆಲದ ಮೇಲೆ ಬಿದ್ದು ಚೆಂಡು ಹಿಡಿಯುವ ಗೋಲ್‌ಕೀಪರ್ ಕೆಲಸ ಮಾತ್ರ ಒಬ್ಬನಿಗೂ ಬೇಡವಾಗಿತ್ತು. ಒಂದು ದಿನ ಅಂಚಿನಲ್ಲಿ ನಿಂತು ನೋಡುತ್ತಿದ್ದ ಮಹಾದೇವಿ ತನ್ನತ್ತ ಹಾರಿಬಂದ ಚೆಂಡನ್ನು ಎದೆಗವಚಿ ಹಿಡಿದಳು. ಮೊಣಕೈ ತರಚಿ ರಕ್ತ ಬಂದರೂ ಚೆಂಡು ಬಿಡಲಿಲ್ಲ. ಹುಡುಗರು ನಕ್ಕರು. ಕರಾವಳಿಯವರಾದ ಮಾಸ್ತರರು ನಗಲಿಲ್ಲ. "ಹಿಡಿದದ್ದು ಹೆಣ್ಣೋ ಗಂಡೋ ಅಂತ ಚೆಂಡು ಕೇಳ್ತದಾ ಮಾರಾಯರೇ?" ಎಂದು ಮರುದಿನದಿಂದಲೇ ಅವಳನ್ನು ಗೋಲಿನಲ್ಲಿ ನಿಲ್ಲಿಸಿದರು.

ಆ ವರ್ಷ ಯಾರೂ ಎಣಿಸದ ಹಾಗೆ ಆ ಬಡ ಶಾಲೆ ಅಂತರಶಾಲಾ ಟೂರ್ನಮೆಂಟಿನ ಫೈನಲ್ ಮುಟ್ಟಿತು. ಫೈನಲ್ ದಿನ ಎದುರಿನ ಶಾಲೆಯವರು ತಕರಾರು ತೆಗೆದರು: ಇದು ಹುಡುಗರ ಟೂರ್ನಮೆಂಟ್, ಇವಳು ಹೇಗೆ ಆಡುತ್ತಾಳೆ? ಅಷ್ಟು ದಿನ ಕಾಣದ ನಿಯಮ ಅವತ್ತು ಎಲ್ಲರಿಗೂ ಕಂಡಿತು. ಮಾಸ್ತರರು ಗಂಟಲು ಹರಿದುಕೊಂಡದ್ದಷ್ಟೇ ಬಂತು. ಮಹಾದೇವಿ ಗೋಲಿನ ಹಿಂದೆ ನೆಲದ ಮೇಲೆ ಕೂತಳು. ಅವಳ ಬದಲಿಗೆ ನಿಂತ ಐತ ಎಂಬ ಹುಡುಗ ಚೆಂಡು ಬಂದಾಗಲೆಲ್ಲ ಮುಖ ತಿರುಗಿಸಿದ. ಮೂರು ಗೋಲಾದವು.

ಅವರಿದ್ದ ಮಿಲ್ಲಿನ ಚಾಳು, ಆ ಸಾಲುಮನೆಗಳ ವಠಾರ, ಬಿದ್ದ ಮೇಲೆ ಮನೆಯವರು ಮಾನಖುರ್ದಕ್ಕೆ ಬಂದರು. ಅಲ್ಲಿಂದ ಮುಂದೆ ಶಾಲೆಯೂ ಇಲ್ಲ, ಆಟವೂ ಇಲ್ಲ. ಮದುವೆಯಾಯಿತು. ಗಂಡ ಸುಭಾಷ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುವವನು, ತಿಂಗಳುಗಟ್ಟಲೆ ಬೊರಿವಲಿಯ ಆಚೆಯ ಸೈಟುಗಳಲ್ಲೇ ಇರುತ್ತಿದ್ದ. ಮಗಳು ವೈಶಾಲಿ ಹುಟ್ಟಿದಳು. ತಾನೊಮ್ಮೆ ಗೋಲಿನಲ್ಲಿ ನಿಲ್ಲುತ್ತಿದ್ದೆ ಎಂದು ಮಹಾದೇವಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಫೈನಲ್ಲಿನದೇ ಆಗಿರುತ್ತಿತ್ತು.

ಎರಡು ಸಾವಿರದ ಇಪ್ಪತ್ತೆರಡರ ಜನವರಿಯಲ್ಲಿ ಹೆಣ್ಣುಮಕ್ಕಳ ಫುಟ್ಬಾಲಿನ ಏಷ್ಯಾ ಕಪ್ ಮುಂಬೈಗೇ ಬಂತು. ಭಾರತದ ಮೊದಲೆರಡು ಪಂದ್ಯಗಳು ನೆರೂಳದ ಸ್ಟೇಡಿಯಮ್ಮಿನಲ್ಲಿ; ಮಾನಖುರ್ದದಿಂದ ಲೋಕಲ್ ರೈಲು ಹತ್ತಿ ಸಮುದ್ರದ ಖಾಡಿ ದಾಟಿದರೆ ಬಂದೇಬಿಟ್ಟಿತು. ದೊಡ್ಡ ತಂಡಗಳ ಮುಂದೆ ನಮ್ಮ ಹುಡುಗಿಯರನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಆದರೂ ಮುಂದಿನ ಹಂತ ಮುಟ್ಟಿದರೆ ವಿಶ್ವಕಪ್ಪಿನ ದಾರಿ ಕಾಣುತ್ತಿತ್ತು. ಕರೋನಾದಿಂದಾಗಿ ನೋಡುವವರನ್ನು ಒಳಗೆ ಬಿಡುವುದಿಲ್ಲ ಎಂದು ವೈಶಾಲಿ ಮೊಬೈಲ್ ನೋಡಿ ಹೇಳಿದ್ದಳು. ಅಷ್ಟಾದರೂ ಇರಾನ್ ಮೇಲಿನ ಮೊದಲ ಪಂದ್ಯವಿದ್ದ ಗುರುವಾರ ಕೆಲಸ ಮುಗಿಸಿದ ಮಹಾದೇವಿ ಮನೆಗೆ ಹೋಗದೆ ಸೀದಾ ನೆರೂಳಕ್ಕೆ ಹೋದಳು.

ಗೇಟಿನ ಕಾವಲುಗಾರ ಮರಾಠಿಯವನು. "ಬಾಯಿ, ಕೋಣಾಲಾಚ್ ಸೋಡತ್ ನಾಹೀ," ಎಂದ, ಯಾರನ್ನೂ ಬಿಡುವುದಿಲ್ಲ ಎಂದು.

"ಅಂದರ್ ನಹೀ ಆತೀ ಭಾವು, ಇಲ್ಲೇ ನಿಂದರತೀನಿ," ಎಂದಳು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ.

ಅವನಿಗೇನನ್ನಿಸಿತೋ, ತನ್ನ ಮೊಬೈಲಿನಲ್ಲಿ ಪಂದ್ಯ ಹಚ್ಚಿ ಗೋಡೆಗೆ ಒರಗಿಸಿಟ್ಟ. ಖಾಲಿ ಸ್ಟೇಡಿಯಮ್ಮಿನಿಂದ ಸೀಟಿಯ ಸದ್ದು ಮೊದಲು ಕಿವಿಗೆ ಬರುತ್ತಿತ್ತು, ಮೊಬೈಲಿನ ಚಿತ್ರ ಆಮೇಲೆ. ಒಮ್ಮೆ ಒಳಗಿನಿಂದ ಹತ್ತಾರು ಜನ "ಓಹ್" ಎಂದದ್ದು ಕೇಳಿಸಿ ಮಹಾದೇವಿ ಎರಡೂ ಕೈ ಎತ್ತಿ ಕಾದಳು. ಸ್ವಲ್ಪ ತಡೆದು ಮೊಬೈಲಿನಲ್ಲಿ ಕಂಡದ್ದು ಗೋಲಲ್ಲ. ನಮ್ಮ ಹುಡುಗಿಯೊಬ್ಬಳು ಹತ್ತಿರದಿಂದ ಒದ್ದ ಚೆಂಡನ್ನು ಇರಾನಿನ ಕೀಪರ್ ತಡೆದಿದ್ದಳು. ಪಂದ್ಯ ಸೊನ್ನೆ-ಸೊನ್ನೆಯಲ್ಲಿ ಮುಗಿಯಿತು. ಗೆಲ್ಲಬೇಕಾದ ಪಂದ್ಯ ಕೈ ಜಾರಿತ್ತು. ಆದರೆ ಆ ಕೀಪರ್ ಬಿದ್ದು ಹಿಡಿದ ರೀತಿ ಮಾತ್ರ ಮಹಾದೇವಿಯ ಕಣ್ಣಿಗೆ ಕಟ್ಟಿತು.

"ಐತವಾರ ಅದಲ್ಲ, ಅವತ್ತ ಗೆಲ್ಲತಾರ," ಎಂದು ಕಾವಲುಗಾರನಿಗೆ ಹೇಳಿ ಸ್ಟೇಷನ್ನಿನ ದಾರಿ ಹಿಡಿದಳು.

ಭಾನುವಾರದ ಎರಡನೆಯ ಪಂದ್ಯಕ್ಕೆ ಅವಳು ಹಬ್ಬದ ತಯಾರಿಯನ್ನೇ ಮಾಡಿದಳು. ಮಾನಖುರ್ದದ ಅವರ ಚಾಳಿನಲ್ಲಿ ದೊಡ್ಡ ಟಿವಿ ಇದ್ದದ್ದು ಕಲಬುರ್ಗಿ ಕಡೆಯ ಮುದುಕಿ ನೀಲಾಬಾಯಿಯ ಮನೆಯಲ್ಲಿ. ಅಲ್ಲಿಗೆ ಆರೇಳು ಹೆಂಗಸರನ್ನು ಕರೆದಳು, ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸೂಸಲಾ ಮಾಡಿದಳು. ಗೋವಂಡಿಯಲ್ಲಿ ರಿಕ್ಷಾ ಓಡಿಸುವ ಶರೀಫನಿಗೂ ಫೋನ್ ಹೋಯಿತು. ಪರೇಲಿನ ಶಾಲಾ ತಂಡದಲ್ಲಿ ಅವಳ ಮುಂದೆ ಡಿಫೆನ್ಸಿನಲ್ಲಿ ನಿಲ್ಲುತ್ತಿದ್ದವನು, ಈಗಲೂ ದಾರಿಯಲ್ಲಿ ಕಂಡರೆ ಮಾತಾಡಿಸುವವನು ಅವನೊಬ್ಬನೇ.

"ಸೀರಿಯಲ್ ಬಿಟ್ಟು ಕುಂತೀನಿ, ಚಲೋ ಆಡಬೇಕ ನೋಡವಾ ನಿನ್ನ ಹುಡುಗ್ಯಾರು," ಎಂದು ನೀಲಾಬಾಯಿ ಎಲೆಯಡಿಕೆ ಬಾಯಿಗಿಟ್ಟುಕೊಂಡಳು.

ಏಳೂವರೆಯಾಯಿತು. ಟಿವಿಯಲ್ಲಿ ತಂಡಗಳು ಬರಲಿಲ್ಲ. ಮೂಲೆಯಲ್ಲಿ ಮೊಬೈಲ್ ತಿಕ್ಕುತ್ತಿದ್ದ ವೈಶಾಲಿ ತಲೆ ಎತ್ತಿದಳು. "ಮಮ್ಮಿ, ಮ್ಯಾಚ್ ಕ್ಯಾನ್ಸಲ್. ಟೀಮ್‌ಗೆ ಕೋವಿಡ್ ಆಗಿದೆ. ಹದಿಮೂರು ಪ್ಲೇಯರ್ ಬೇಕು, ಅಷ್ಟೂ ಇಲ್ಲ. ಇಂಡಿಯಾ ಔಟ್."

"ಔಟ್ ಅಂದ್ರ? ಮುಂದ ಬ್ಯಾರೆ ದಿನ ಆಡಸ್ತಾರಲ್ಲ?"

"ನಹೀ ಮಮ್ಮಿ. ಪೂರಾ ಔಟ್. ಮೊದಲನೇ ಮ್ಯಾಚ್ ಕೂಡ... ಕ್ಯಾ ಬೋಲ್ತೆ... ಲೆಕ್ಕ ಇಲ್ಲ ಅಂತೆ. ಆಡೇ ಇಲ್ಲ ಅಂತ."

ತಾನು ಗೋಡೆಯ ಹೊರಗೆ ನಿಂತು ಕೇಳಿದ ಸೀಟಿ, ಆ "ಓಹ್", ಇರಾನಿನ ಕೀಪರ್ ಬಿದ್ದು ಹಿಡಿದ ಚೆಂಡು, ಇವೆಲ್ಲ ಆಗೇ ಇಲ್ಲವೆಂದರೆ ಹೇಗೆ? ಸೋತಿದ್ದರೆ ಬೈಯಬಹುದಿತ್ತು, ಅಳಬಹುದಿತ್ತು. ಇದಕ್ಕೆ ಏನು ಮಾಡಬೇಕೆಂದೇ ಮಹಾದೇವಿಗೆ ತೋಚಲಿಲ್ಲ. ಹೆಂಗಸರು ಸೂಸಲಾ ತಿಂದು, "ಪಾಪ, ಮಕ್ಕಳು ಆರಾಮಾದ್ರ ಸಾಕು," ಎನ್ನುತ್ತ ಎದ್ದರು. ನೀಲಾಬಾಯಿ ಮಹಾದೇವಿಯನ್ನು ಕೇಳಿಯೇ ಸೀರಿಯಲ್ ಹಚ್ಚಿದಳು.

ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತ ಶರೀಫ ಸಮಾಧಾನ ಹೇಳಿದ. "ಛೋಡ್ ಮಾದೇವಿ. ಆಟದಾಗ ಇದೆಲ್ಲ ಇದ್ದದ್ದೇ. ನಾವು ಫೈನಲ್ ಸೋತಿಲ್ಲೇನು? ನೀ ಮೂರು ಗೋಲ್ ಬಿಟ್ಟಿದ್ದಿ, ಕೊರಗ ಸರ್ ಒಂದು ಮಾತೂ ಅನಲಿಲ್ಲ."

ಮಹಾದೇವಿ ಅವನ ಮುಖವನ್ನೇ ನೋಡಿದಳು. "ಶರೀಫ, ಅವತ್ತ ನಾ ಆಡೇ ಇಲ್ಲ. ಗೋಲಿನ್ಯಾಗ ಐತ ನಿಂತಿದ್ದ. ನನ್ನ ಹೊರಗ ಕುಂದ್ರಿಸಿದ್ರು."

"ಹೌದೇನು?" ಶರೀಫ ಹಣೆ ಗಂಟಿಕ್ಕಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು, ನಿಜವಾಗಿಯೂ ನೆನಪಿರಲಿಲ್ಲ. "ನನಗ್ಯಾಕೋ ನೀನೇ ಇದ್ದಿ ಅನ್ನೂಹಂಗ ಅದ. ಎಷ್ಟೋ ವರ್ಷಾತು. ಇರ್ಲಿ, ಸೋತದ್ದಂತೂ ಖರೆ ಅಲಾ?"

ಅವನ ರಿಕ್ಷಾ ಗಲ್ಲಿ ದಾಟುವವರೆಗೂ ಅವಳು ಅಲ್ಲೇ ನಿಂತಿದ್ದಳು. ಕೊರಗ ಮಾಸ್ತರರು ತೀರಿಕೊಂಡಿದ್ದರು. ಐತ ಗಲ್ಫಿಗೆ ಹೋದವನು ತಿರುಗಿ ಸಿಕ್ಕಿರಲಿಲ್ಲ, ಉಳಿದ ಹುಡುಗರ ಸುದ್ದಿಯೇ ಇರಲಿಲ್ಲ. ಅವತ್ತು ಅವಳು ಹೊರಗೆ ಕೂತಿದ್ದಳೆಂದು ಹೇಳಬಲ್ಲ ಇನ್ನೊಂದು ಬಾಯಿ ಈ ಊರಿನಲ್ಲಿ ಉಳಿದಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು ಮಕ್ಕಳು ಚಿಕ್ಕವರನ್ನು ರಮಿಸಲು ಹೇಳುತ್ತಾರೆ. ತನ್ನದು ಅದರ ತಿರುಗುಮುರುಗು ಎನ್ನಿಸಿತು ಅವಳಿಗೆ: ಆಟಕ್ಕಿರಲಿಲ್ಲ, ಸೋಲಿನ ಲೆಕ್ಕಕ್ಕೆ ಮಾತ್ರ ಇದ್ದಳು.

ಹಿಂದೆ ವೈಶಾಲಿ ಬಂದು ನಿಂತಿದ್ದಳು. "ಮಮ್ಮಿ, ನೀನು... ಗೋಲ್‌ಕೀಪರ್ ಇದ್ದಿ? ಸಚ್ಚೀ?"

"ಹೂಂ."

"ಅಚ್ಛಾ ಆಡ್ತಿದ್ದಿ?"

ಹೌದು ಎಂದಿದ್ದರೆ ಮಗಳು ನಂಬುತ್ತಿದ್ದಳು. "ಗೊತ್ತಿಲ್ಲವಾ," ಎಂದಳು ಮಹಾದೇವಿ. "ಫೈನಲ್ ಆಡಿದ್ರ ಗೊತ್ತಾಗತಿತ್ತು."

ಭಾರತದ ಮೂರನೆಯ ಪಂದ್ಯ ಚೀನಾದ ಮೇಲೆ, ಜನವರಿ ಇಪ್ಪತ್ತಾರಕ್ಕೆ ಇರಬೇಕಾಗಿತ್ತು. ಅದಕ್ಕೆಂದೇ ಬೇಡಿ ಪಡೆದಿದ್ದ ರಜೆಯನ್ನು ಮಹಾದೇವಿ ಕೌದಿ ಒಗೆಯುವುದರಲ್ಲಿ ಕಳೆದಳು. ಅದನ್ನು ಹಿಂಡುತ್ತಿದ್ದಾಗ ಅವಳಿಗೆ ನೆನಪಾದದ್ದು ಗುರುವಾರ ಹತ್ತಿರದಿಂದ ಒದ್ದರೂ ಗೋಲು ಸಿಗದ ಹುಡುಗಿ. ಅವಳೂ ಈಗ ಯಾವುದೋ ಹೋಟೆಲಿನ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಕೂತಿರಬಹುದು. ಆ ಗುರುವಾರ ರಾತ್ರಿ ಮಲಗುವಾಗ ಅವಳೂ, ಹೋಗಲಿ, ಭಾನುವಾರ ಇದೆಯಲ್ಲ ಎಂದುಕೊಂಡಿರಬೇಕು.