ಉಳ್ಳಾಗಡ್ಡಿಯ ಮುದ್ರೆ

ಮೊನ್ನೆ ಮುಂಬಯಿಯ ಬೊರಿವಲಿಯ ನಮ್ಮ ಮನೆಗೆ ಕೊರಿಯರ್‌ನಲ್ಲಿ ಒಂದು ಪೆಟ್ಟಿಗೆ ಬಂತು. ಗ್ರೀಟಿಂಗ್ ಕಾರ್ಡು ಮಾಡಲು ಮಗಳು ತರಿಸಿಕೊಂಡ ಅಚ್ಚುಗಳು, ಶಾಯಿಯ ಡಬ್ಬಿಗಳು. ಕೆಂಪನ್ನೂ ನೀಲಿಯನ್ನೂ ಸ್ಪಂಜಿನಿಂದ ತಿಕ್ಕಿ ಒಂದರೊಳಗೊಂದು ಬೆರೆಸಿದಳು. ನೇರಳೆ ಬಣ್ಣ ಎದ್ದಿತು, ಜೊತೆಗೆ ಆ ಹಸಿ ಶಾಯಿಯ ವಾಸನೆ... ನಾನು ಘಾಟ್ಕೋಪರಿನ ನಮ್ಮ ಕನ್ನಡ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯ, ಅಂದರೆ ನಾಲ್ಕನೆಯ ತರಗತಿಯ, ನೆಲದ ಮೇಲೆ ಕೂತಿದ್ದೆ. ಎದುರಿಗೆ ನಮ್ಮ ಅಕ್ಕೋರು.

ಧಾರವಾಡದ ಕಡೆಯವರು. ಟೀಚರ್ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ, ಅಕ್ಕೋರ ಅನ್ನಬೇಕು. ಆ ವರ್ಷ ಅವರ ಮುಖದಲ್ಲಿ ನಗು ಕಡಿಮೆ. ಹದಿನೈದು ಮಕ್ಕಳಾದರೂ ಸೇರದಿದ್ದರೆ ಒಂದನೆಯ ಇಯತ್ತೆ ತೆರೆಯುವುದಿಲ್ಲ ಎಂದು ಮೇಲಿನವರು ಹೇಳಿದ್ದರು. ಸೇರಿದ್ದು ನಾಲ್ಕೇ. ಒಂದನೆಯದು ಹೋದರೆ ವರ್ಷಕ್ಕೊಂದರಂತೆ ಉಳಿದವೂ ಹೋಗುತ್ತವೆ ಅನ್ನುವುದು ನಮಗೂ ಗೊತ್ತಿತ್ತು. ಅಕ್ಕೋರು ಸಾಲುಮನೆಗಳ ಚಾಳು ಚಾಳು ತಿರುಗಿ ಮಕ್ಕಳನ್ನು ಕಳಿಸಿರೆಂದು ಕರೆದು ಬಂದಿದ್ದರು. ಎಲ್ಲರೂ ಚಹಾ ಕುಡಿಸಿ, ನೋಡೋಣ ಅಂದು ಕಳಿಸಿದ್ದರು.

ಯುಗಾದಿ ಬಂತು. ಹಬ್ಬದ ಕಾರ್ಡು ಮಾಡಿ ಮನೆಮನೆಗೆ ಕೊಡೋಣ ಎಂದರು ಅಕ್ಕೋರು. ಹಳೆಯ ಕ್ಯಾಲೆಂಡರುಗಳ ಖಾಲಿ ಬೆನ್ನೇ ಕಾರ್ಡು. ಬೆಂಡೆಕಾಯಿ ಅಡ್ಡ ಕೊಯ್ದು ಶಾಯಿಗೆ ಅದ್ದಿ ಒತ್ತಿದರೆ ಹೂವು. ಕೆಂಪಿಗೆ ನೀಲಿ ಎಷ್ಟು ಹನಿ ಎಂದು ಅವರೇ ಚಹಾದ ಬಶಿಯಲ್ಲಿ ಕಲಸಿ ನೇರಳೆ ಮಾಡಿ ತೋರಿಸಿದರು. ಬೆಂಡೆಕಾಯಿ ಮುಗಿದಾಗ ನಾನು ಮನೆಯಿಂದ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಂದೆ. ಅರ್ಧ ಕೊಯ್ದು ಒತ್ತಿದರೆ ಸುತ್ತಿನೊಳಗೆ ಸುತ್ತು, ಎಷ್ಟು ಚೆಂದ. ಒಂದೊಂದು ಕಾರ್ಡಿನ ಕೆಳಮೂಲೆಗೂ ಒತ್ತುತ್ತ ಹೋದೆ. ಮೇಲೆ ಅಕ್ಕೋರ ಅಕ್ಷರದಲ್ಲಿ ಹಬ್ಬದ ಶುಭಾಶಯ, ನಿಮ್ಮ ಕೂಸನ್ನು ನಮ್ಮ ಶಾಲೆಗೆ ಕಳಿಸಿರಿ ಎಂಬ ಸಾಲು. ಹಬ್ಬದ ದಿನ ಚಾಳುಗಳಿಗೂ ಆಚೆಯ ಝೋಪಡಿ ಗುಡಿಸಲುಗಳಿಗೂ ಹಂಚಿ ಬಂದೆವು.

ಹಬ್ಬದ ಮರುದಿನ ಬೆಳಗ್ಗೆ ಶಾಲೆಯ ಮುಂದೆ ಜನ ಸಾಲು ನಿಂತಿದ್ದರು. ಕೈಯಲ್ಲಿ ನಮ್ಮ ಹಬ್ಬದ ಕಾರ್ಡು, ರೇಷನ್ ಕಾರ್ಡು, ಮಗ್ಗುಲಲ್ಲಿ ಮಕ್ಕಳು, ಬಾಡಿದ ಮುಖ. ಝೋಪಡಿ ತೆಗೆಸುವ ನೋಟೀಸಿನ ಮೇಲೆ ಅವರು ಕಂಡಿದ್ದ ಮುದ್ರೆಯೂ ಹೀಗೇ ದುಂಡಗೆ, ಇದೇ ನೇರಳೆ ಬಣ್ಣದ್ದು. ನಮ್ಮ ಕಾರ್ಡನ್ನು ಯಾರಿಂದಲೋ ಓದಿಸಿದ್ದರು. ಕೂಸನ್ನು ಕಳಿಸಿರಿ ಅಂತಿದೆ, ಕೆಳಗೆ ಸರಕಾರದ ಮುದ್ರೆ. ಬಾರದಿದ್ದರೆ ಏನಾದೀತೋ ಎಂದು ಕೆಲಸ ಬಿಟ್ಟು ಓಡಿಬಂದಿದ್ದರು.

ಮುದ್ರೆ ಒತ್ತಿದ ನಾನು ಅಕ್ಕೋರ ಬೆನ್ನ ಹಿಂದೆ ಸರಿದೆ. ಅಕ್ಕೋರು ಬಾಯಿ ಮುಚ್ಚಿಕೊಂಡಿದ್ದರೆ ರಿಜಿಸ್ಟರು ತಾನೇ ತುಂಬುತ್ತಿತ್ತು. ಅವರು ಸುಮ್ಮನಿರಲಿಲ್ಲ.

"ಹೆದರಬ್ಯಾಡ್ರಿ. ಇದು ನೋಟೀಸ್ ಅಲ್ಲ, ಹಬ್ಬದ ಕಾರ್ಡು. ಇದು ಸರಕಾರದ ಶಿಕ್ಕಾ ಅಲ್ಲ, ಉಳ್ಳಾಗಡ್ಡಿ. ಕೆಲಸ ಇದ್ದವರು ಹೋಗ್ರಿ."

ಸಾಲು ಅಲುಗಾಡಿತು. ಇಬ್ಬರು ಹೊರಟೇಬಿಟ್ಟರು. ಮುಂದೆ ನಿಂತಿದ್ದ ವಿಜಯಪುರದ ಗೌಂಡಿಯೊಬ್ಬ ಕಾರ್ಡನ್ನು ಮೂಗಿಗೆ ಹಿಡಿದ.

"ಖರೇನ ಉಳ್ಳಾಗಡ್ಡಿ ವಾಸನಿ ಬರ್ತೈತಿ" ಅಂದ. "ಇರ್ಲಿ ಬಿಡ್ರಿ ಅಕ್ಕೋರ. ಅರ್ಧಾ ದಿನದ ಕೆಲಸ ಬಿಟ್ಟ ಬಂದೀನಿ, ಬರೀಗೈಲೆ ಹೋಗಂಗಿಲ್ಲ. ನನ್ನ ಮಗಳ ಹೆಸರ ಬರಕೋರಿ."

ಹಿಂದಿನವರು ನಕ್ಕರು. ಹೊರಟ ಇಬ್ಬರಲ್ಲಿ ಒಬ್ಬಾಕೆ ತಿರುಗಿ ಬಂದಳು. ಮಧ್ಯಾಹ್ನದ ಹೊತ್ತಿಗೆ ರಿಜಿಸ್ಟರಿನಲ್ಲಿ ಇಪ್ಪತ್ತೊಂದು ಹೆಸರು. ಅಕ್ಕೋರು ಕೊನೆಯ ಹೆಸರು ಬರೆದು, ಪೆನ್ನಿನ ಟೊಪ್ಪಿಗೆ ಹಾಕಿ, ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜೂನ್‌ನಲ್ಲಿ ಒಂದನೆಯ ಇಯತ್ತೆ ತೆರೆಯಿತು. ಮುಂದಿನ ವರ್ಷವೂ...

ಘಾಟ್ಕೋಪರ್ ಸ್ಟೇಷನ್ನಿನ ಗದ್ದಲದಲ್ಲಿ ಈಗಲೂ ಒಮ್ಮೊಮ್ಮೆ ಯಾರಾದರೂ ನನ್ನ ದಾರಿ ತಡೆದು, ನಾವು ಆ ವರ್ಷದ ಒಂದನೆಯ ಇಯತ್ತೆಯವರು ಅನ್ನುತ್ತಾರೆ. ಸುತ್ತ ಹಿಂದಿ, ಮರಾಠಿ. ಅವರು ನಿಂತು, ಕನ್ನಡದಲ್ಲಿ ಅನ್ನುತ್ತಾರೆ. ಅದನ್ನು ಕೇಳಲು ಅಕ್ಕೋರಿಲ್ಲ.